ಪ್ರತಿಕಾಯದ ಕೀಲಿ ಕಸದೊಳಗಿತ್ತು

‘ಲಸಿಕೆ ಹಾಕಿಸಿ ಆರು ತಿಂಗಳಾಯ್ತು, ಆಂಟಿಬಾಡಿ ಇಳಿದುಹೋಗಿದೆ, ಇನ್ನೇನು ಗತಿ?’ ಕೋವಿಡ್ ಕಾಲದಲ್ಲಿ ಮಾಟುಂಗಾ, ಡೊಂಬಿವಿಲಿಯ ನಮ್ಮ ಕನ್ನಡ ಮನೆಗಳಲ್ಲಿ ಈ ದಿಗಿಲು ಮಾತಾಗುತ್ತಿತ್ತು. ಲ್ಯಾಬಿನವರು ಕೊಟ್ಟದ್ದು ಒಂದು ಅಂಕಿ. ಆ ಅಂಕಿಯನ್ನು ಏರಿಳಿಸುವವರು ಯಾರೆಂದು ಯಾರೂ ಬಿಡಿಸಿ ಹೇಳಲಿಲ್ಲ.

1897ರ ಜನವರಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಇದೇ ಮುಂಬೈಯಲ್ಲಿ ತನ್ನ ಪ್ಲೇಗ್ ಲಸಿಕೆಯನ್ನು ತನಗೇ ಚುಚ್ಚಿಕೊಂಡಾಗ ‘ಜೀನ್’ ಎಂಬ ಪದವೇ ಹುಟ್ಟಿರಲಿಲ್ಲ. 1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಿಜ್ಞಾನಿಗಳಾದ ಹೊಜುಮಿ, ಟೊನೆಗಾವಾ ಅವರು ಪ್ರತಿಕಾಯದ (ಆಂಟಿಬಾಡಿಯ) ಜೀನನ್ನು ಬಿ ಕೋಶವು, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣವು, ತುಂಡುಗಳಿಂದ ಜೋಡಿಸಿಕೊಳ್ಳುತ್ತದೆಂದು ತೋರಿಸಿದರು.

ಒಗಟು ಬಿಗಿಯಾದದ್ದು ಅಲ್ಲಿಂದಲೇ. ಜೋಡಣೆಗೆ ಬರುವ ‘ವಿ’ ಎಂಬ ಬಗೆಯ ಪ್ರತಿ ತುಂಡಿನ ಮುಂದೆಯೂ ಒಂದು ಪ್ರವರ್ತಕ, ಅಂದರೆ ಜೀನಿನ ಓದು ಶುರುವಾಗುವ ಜಾಗ, ಇದೆ. ಆದರೂ ಜೋಡಣೆಯಾದ ತುಂಡು ಮಾತ್ರ ಜೋರಾಗಿ ಕೆಲಸ ಮಾಡುತ್ತದೆ, ಏಕೆ? 1983ರಲ್ಲಿ ಉತ್ತರ ಸಿಕ್ಕಿತು, ಅದೂ ಇಂಟ್ರಾನ್‌ನಲ್ಲಿ: ಆರ್‌ಎನ್‌ಎಯಿಂದ (ಅದು ಜೀನಿನ ನಕಲು) ಕತ್ತರಿಸಿ ಬಿಸಾಡುವ ಭಾಗದಲ್ಲಿ. ಅಲ್ಲೊಂದು ವರ್ಧಕ, ಅಂದರೆ ಪ್ರವರ್ತಕದ ಕೆಲಸವನ್ನು ಜೋರು ಮಾಡುವ ಡಿಎನ್‌ಎ ತುಣುಕು, ಕುಳಿತಿತ್ತು. ಜೋಡಣೆ ದೂರದ ಪ್ರವರ್ತಕವನ್ನು ಅದರ ಹತ್ತಿರ ತಂದು ನಿಲ್ಲಿಸುತ್ತದೆ. ಬೇರೆ ಬಗೆಯ ಕೋಶಕ್ಕೆ ಹಾಕಿದರೆ ಅದೇ ವರ್ಧಕ ಮಂಕಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ನನಗೆ ಜೀವಶಾಸ್ತ್ರದಲ್ಲಿ ಬೇರೆಲ್ಲೂ ಕಂಡಿಲ್ಲ.

1986ರಲ್ಲಿ ರಂಜನ್ ಸೇನ್, ಡೇವಿಡ್ ಬಾಲ್ಟಿಮೋರ್ ಕಪ್ಪಾ (ಪ್ರತಿಕಾಯದ ಒಂದು ಸರಪಳಿ) ಜೀನಿನ ವರ್ಧಕಕ್ಕೆ ಅಂಟುವ ಪ್ರೋಟೀನ್ ಹಿಡಿದರು. ಬಿ ಕೋಶದ್ದೇ ಎಂದುಕೊಂಡು ಎನ್‌ಎಫ್-ಕಪ್ಪಾ-ಬಿ ಎಂದು ಕರೆದರು. ಸ್ವಲ್ಪದರಲ್ಲೇ ಅದು ಬೇರೆ ಕೋಶಗಳಲ್ಲೂ ಸಿಕ್ಕಿತು. ಅಲ್ಲಿ ಇನ್ನೊಂದು ಪ್ರೋಟೀನ್ ಅದನ್ನು ಕಟ್ಟಿಹಾಕಿತ್ತು, ಪ್ರಚೋದನೆ ಬಂದರೆ ಬಿಡುಗಡೆ. ಉರಿಯೂತ, ಕ್ಯಾನ್ಸರ್ ಎಂದು ಸಂಶೋಧನೆಯೆಲ್ಲ ಅತ್ತ ಹರಿಯಿತು, ಹರಿದದ್ದು ತಪ್ಪಲ್ಲ. ಆದರೆ ‘ಪ್ರತಿಕಾಯ ಬಿ ಕೋಶದಲ್ಲೇ ಏಕೆ?’ ಎಂಬ ಮೂಲ ಪ್ರಶ್ನೆ ಕೆಲವೇ ಮಂದಿಯ ಪಾಲಿಗೆ ಉಳಿಯಿತು. 2004ರಲ್ಲಿ ಇಲಿಯ ಕಪ್ಪಾ ವರ್ಧಕದಲ್ಲಿ ಆ ಹೆಸರಾಂತ ಪ್ರೋಟೀನ್ ಕೂರುವ ಜಾಗವನ್ನು ಕೆಡಿಸಿ ನೋಡಿದರು. ಜೋಡಣೆಗೆ ಧಕ್ಕೆಯಾಗಲಿಲ್ಲ. ಅದೇ ವರ್ಧಕಕ್ಕೆ ಅಂಟುವ, ಅಷ್ಟೇನೂ ಸುದ್ದಿಯಾಗದ ಇ-ಪ್ರೋಟೀನ್‌ಗಳ ಜಾಗ ಕೆಡಿಸಿದಾಗ ಆಯಿತು.

ಇನ್ನು ಲ್ಯಾಬಿನ ಅಂಕಿ. ಸೋಂಕೋ ಲಸಿಕೆಯೋ ಕೆಣಕಿದಾಗ ಕೆಲವು ಬಿ ಕೋಶಗಳಲ್ಲಿ ಬ್ಲಿಂಪ್-1 ಎಂಬ ನಿಯಂತ್ರಕ ಪ್ರೋಟೀನ್ ಏಳುತ್ತದೆ, ಬಿ ಕೋಶದ ಗುರುತನ್ನು ಕಾಯುವ ಪ್ಯಾಕ್ಸ್-5 ಅಡಗುತ್ತದೆ. ಆರ್‌ಎನ್‌ಎಯ ತುದಿ ಬೇರೆ ಕಡೆ ಕತ್ತರಿಸಲ್ಪಟ್ಟು, ಕೋಶದ ಪೊರೆಗೆ ಅಂಟಿಕೊಳ್ಳಬೇಕಿದ್ದ ಪ್ರತಿಕಾಯ ರಕ್ತಕ್ಕೆ ಸುರಿಯುತ್ತದೆ. ಹೀಗಾದ ಪ್ಲಾಸ್ಮಾ ಕೋಶಗಳಲ್ಲಿ ಬಹುಪಾಲು ಬೇಗ ಸಾಯುತ್ತವೆ, ಕೆಲವು ಅಸ್ಥಿಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅಂಕಿ ಇಳಿದಾಗಲೂ ಜೋಡಿಸಿಟ್ಟ ಜೀನು ಹೊತ್ತ ನೆನಪಿನ ಬಿ ಕೋಶಗಳು ಮೈಯೊಳಗೆ ಸುತ್ತುತ್ತಿರುತ್ತವೆ. ಲ್ಯಾಬಿನ ಆ ಹಾಳೆಯಲ್ಲಿ ಅವುಗಳಿಗೆ ಕಾಲಮ್ಮೇ ಇಲ್ಲ.