ಪಾಚಿ ಗಾರೆಯಾಗುವ ಮುಂಚೆ

ನಮ್ಮ ಮನೆಯ ಮೊದಲ ನಾಯಿ ಬೆಳ್ಳಿ. ಅವಳಿಗೆ ಏಳು ವರ್ಷ ತುಂಬಿದ್ದಾಗ ಒಂದು ಬೆಳಿಗ್ಗೆ ಬಲಗಣ್ಣಿನ ಕೆಳಗೆ ಅಡಿಕೆ ಗಾತ್ರದ ಬಾವು ಎದ್ದಿತ್ತು. ಪಕ್ಕದ ಮನೆಯ ಅಜ್ಜಿ ನೋಡಿದವರೇ, "ದೃಷ್ಟಿ ತಾಗಿದೆ ಕಣೋ, ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು" ಎಂದರು. ಸಂಜೆಯೊಳಗೆ ಬೆಳ್ಳಿಯ ಕುತ್ತಿಗೆಗೆ ಕರಿದಾರವೂ ಬಂತು. ಅಜ್ಜಿಯ ಕಾಳಜಿ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಾರವನ್ನು ನಂಬಿಕೊಂಡು ನಾಲ್ಕು ದಿನ ಕಳೆದವು. ಐದನೇ ದಿನ ಬಾವು ಒಡೆದು ಕೀವು ಸುರಿಯಿತು.

ಪಶುವೈದ್ಯರು ಕಣ್ಣಿನ ಕಡೆ ಜಾಸ್ತಿ ಹೊತ್ತು ನೋಡಲಿಲ್ಲ. ಹೆಬ್ಬೆರಳಿನಿಂದ ಮೇಲ್ದುಟಿ ಎತ್ತಿ ಹಿಡಿದು, "ಇಲ್ಲಿ ನೋಡಿ" ಎಂದರು. ಮೇಲಿನ ಸಾಲಿನ ಅತಿ ದೊಡ್ಡ ಹಲ್ಲು. ಅದರ ಅರ್ಧಕ್ಕೆ ಕಂದು ಗಾರೆ ಮೆತ್ತಿತ್ತು. ಹೊರಮೈಯಿಂದ ಒಂದು ಚಕ್ಕೆಯೇ ಎದ್ದು ಹೋಗಿತ್ತು, ಕರಟದ ಹೋಳು ಸಿಡಿದು ಬಂದ ಹಾಗೆ. ಆ ಹಲ್ಲಿಗೆ ಮೂರು ಬೇರು. ಬೇರಿನ ತುದಿ ಇರುವುದು ಸರಿಯಾಗಿ ಕಣ್ಣಿನ ಕೆಳಗೆ. ಒಡೆದ ಹಲ್ಲಿನೊಳಗೆ ಇಳಿದ ಸೋಂಕು ಬೇರಿನ ತುದಿಯಲ್ಲಿ ಕೀವಾಗಿ, ಮುಖದ ಚರ್ಮವನ್ನೇ ತೂತು ಮಾಡಿಕೊಂಡು ಹೊರಬಂದಿತ್ತು.

ಅದಕ್ಕೂ ಎರಡು ವರ್ಷ ಮೊದಲಿನಿಂದ ಅವಳ ಬಾಯಿ ನಾರುತ್ತಿತ್ತು. "ನಾಯಿ ಬಾಯಿ ಅಂದಮೇಲೆ ವಾಸನೆ ಇದ್ದದ್ದೇ ಅಲ್ವಾ" ಎಂದು ನಾವು ಸುಮ್ಮನಿದ್ದೆವು. ಈ ಮಾತನ್ನು ಈಗಲೂ ಪಾರ್ಕಿನಲ್ಲಿ ಆಗಾಗ ಕೇಳುತ್ತೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಬಾಯಿ ಆರೋಗ್ಯವಾಗಿರುವ ನಾಯಿ ಹಾಗೆ ನಾರುವುದಿಲ್ಲ. ಒಸಡಿನ ಸಂದಿಯಲ್ಲಿ ಕೂತ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದಾಗ ಗಂಧಕದ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲಿ ಒಂದು. ಅಂದರೆ ವಾಸನೆ ಬರುತ್ತಿದೆ ಎಂದರೆ ಒಳಗೆ ಕೆಲಸ ಆಗಲೇ ಶುರುವಾಗಿದೆ.

ಹಲ್ಲಿನ ಮೇಲೆ ಆ ಗಾರೆ ಎಲ್ಲಿಂದ ಬಂತು? ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಲ್ಲನ್ನು ಎಷ್ಟೇ ಚೊಕ್ಕವಾಗಿ ಉಜ್ಜಿದರೂ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಅದರ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತವೆ. ಈ ಪೊರೆಯಿಂದ ತೊಂದರೆಯಿಲ್ಲ. ಆದರೆ ಬ್ಯಾಕ್ಟೀರಿಯಾಗಳಿಗೆ ಅದು ಕಾಲೂರಲು ಜಾಗ. ಅವು ಬಂದು ಹಿಡಿದುಕೊಂಡು, ಒಂದರ ಮೇಲೊಂದು ಬೆಳೆದು, ತಮ್ಮ ಸುತ್ತ ತಾವೇ ಅಂಟು ಸುರಿಸಿಕೊಳ್ಳುತ್ತವೆ. ಒಂದು ದಿನ ಕಳೆಯುವಷ್ಟರಲ್ಲಿ ಮೆತ್ತನೆಯ ಲೋಳೆ ಸಿದ್ಧ. ಹಲ್ಲಿನ ಡಾಕ್ಟರು ಪ್ಲಾಕ್ ಎನ್ನುವುದು ಇದನ್ನೇ. ನಮ್ಮ ಭಾಷೆಯ 'ಪಾಚಿ' ಎಂಬ ಮಾತು ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಗೆಯೋ ಕಲ್ಲು ನೆನಪಿಸಿಕೊಳ್ಳಿ. ಅದರ ಮೇಲಿನ ಪಾಚಿಗೆ ನಾಲ್ಕು ಬಕೆಟ್ ನೀರು ಸುರಿದರೂ ಅದು ಕದಲುವುದಿಲ್ಲ. ತೆಂಗಿನ ನಾರಿನಲ್ಲಿ ಎರಡು ಸಲ ಉಜ್ಜಿದರೆ ಹೋಗುತ್ತದೆ. ನೀರು ಮೇಲೆ ಹರಿದು ಹೋಗುತ್ತದೆ, ಹಿಡಿತ ಬಿಡಿಸುವುದು ಉಜ್ಜುವಿಕೆ.

ಈಗ ಎರಡನೇ ಹಂತ. ಜೊಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿಕೊಂಡಿರುತ್ತವೆ. ಅವು ಈ ಲೋಳೆಯೊಳಗೆ ಇಳಿದು ಹರಳುಗಟ್ಟುತ್ತವೆ. ಸತ್ತ ಬ್ಯಾಕ್ಟೀರಿಯಾಗಳ ಮೈಯೇ ಹರಳಿಗೆ ಅಚ್ಚಾಗುತ್ತದೆ. ಎರಡು-ಮೂರು ದಿನಕ್ಕೆ ಪಾಚಿ ಗಟ್ಟಿಯಾಗತೊಡಗುತ್ತದೆ. ಇದೇ ಟಾರ್ಟರ್. ಬೋರ್‌ವೆಲ್ ನೀರು ಬರುವ ಮನೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬಕೆಟ್ಟಿನ ಒಳಗೋಡೆಯ ಬಿಳಿ ಪದರ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಸುಣ್ಣ, ಎಲ್ಲವೂ ಇದೇ ಜಾತಿಯವು. ಮೇಸ್ತ್ರಿ ಕೆಲಸ ಮಾಡುವಾಗ ನೆಲದ ಮೇಲೆ ಗಾರೆ ಬಿದ್ದರೆ ಸಂಜೆಯೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೀರಿ. ಎರಡು ದಿನ ಬಿಟ್ಟರೆ ಉಳಿ-ಸುತ್ತಿಗೆ ಬೇಕು. ನಾಯಿಯ ಹಲ್ಲಿನ ಆರೈಕೆಯೆಲ್ಲ ಈ ಎರಡು ದಿನದ ಲೆಕ್ಕದ ಮೇಲೆ ನಿಂತಿದೆ. ಭಾನುವಾರಕ್ಕೊಮ್ಮೆ ಜೋರಾಗಿ ಉಜ್ಜಿದರೆ ಯಾಕೆ ಪ್ರಯೋಜನವಿಲ್ಲ ಎಂಬುದಕ್ಕೂ ಇದೇ ಉತ್ತರ. ಭಾನುವಾರ ನಿಮ್ಮ ಕೈಗೆ ಸಿಗುವುದು ಆಗಲೇ ಗಟ್ಟಿಯಾದ ಗಾರೆ.

ನಮ್ಮ ಬಾಯಲ್ಲೂ ಇದು ನಡೆಯುತ್ತದೆ. ಆದರೆ ನಾಯಿಗಳಲ್ಲಿ ಬೇಗ ನಡೆಯುತ್ತದೆ. ನಮ್ಮ ಜೊಲ್ಲಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 7ರ ಆಸುಪಾಸು. ನಾಯಿಯದು ಸಾಮಾನ್ಯವಾಗಿ 7.5ಕ್ಕಿಂತ ಮೇಲೆ, ಅಂದರೆ ಹೆಚ್ಚು ಕ್ಷಾರ. ಹುಳಿ ಖನಿಜವನ್ನು ಕರಗಿಸುತ್ತದೆ, ಕ್ಷಾರ ಅದನ್ನು ಕೂರಿಸುತ್ತದೆ. ಬಕೆಟ್ಟಿನ ಬಿಳಿ ಕಲೆಗೆ ನಿಂಬೆಹಣ್ಣು ಉಜ್ಜುತ್ತೇವಲ್ಲ, ಅದರ ತಿರುವುಮುರುವು. ಹಾಗಾಗಿ ನಾಯಿಗೆ ಹುಳುಕು ಹಲ್ಲು ಕಡಿಮೆ, ಗಾರೆ ಜಾಸ್ತಿ. ಇನ್ನೊಂದು ವಿಷಯವೂ ಇದೆ. ಅನ್ನವನ್ನು ತುಂಬ ಹೊತ್ತು ಅಗಿದರೆ ನಮ್ಮ ಬಾಯಿಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ನಾಯಿಯ ಜೊಲ್ಲಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ "ಸಿಹಿ ಕೊಟ್ಟಿಲ್ಲ, ಹಲ್ಲು ಚೆನ್ನಾಗಿರುತ್ತೆ" ಎನ್ನುವುದು ಮನುಷ್ಯರ ಕಾಯಿಲೆಯನ್ನು ನಾಯಿಗೆ ಹೊಂದಿಸಿದ ಲೆಕ್ಕ. ಅವುಗಳ ದೊಡ್ಡ ಕಾಯಿಲೆ ಇರುವುದು ಒಸಡಿನಲ್ಲಿ.

ಗಾರೆ ಒರಟು. ಒರಟು ಗೋಡೆಯ ಮೇಲೆ ಹೊಸ ಪಾಚಿ ಇನ್ನೂ ಬೇಗ ಹತ್ತಿಕೊಂಡು, ನಿಧಾನವಾಗಿ ಒಸಡಿನ ಕೆಳಗೆ ನುಗ್ಗುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ. ಅವುಗಳ ಮೇಲೆ ದೇಹ ನಡೆಸುವ ಯುದ್ಧದಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಸವೆಯುತ್ತದೆ. ಒಸಡಿನ ಅಂಚು ಕೆಂಪಾಗಿದ್ದರೆ ಇನ್ನೂ ಹಿಂದಕ್ಕೆ ಬರಬಹುದು. ಮೂಳೆ ಕರಗಿದ ಮೇಲೆ ಬರುವುದಿಲ್ಲ.

ಉಜ್ಜಬೇಕು, ಮುಕ್ಕಳಿಸಿದರೆ ಸಾಲದು ಎಂಬುದನ್ನು ಮೊದಲು ಕಣ್ಣಾರೆ ಕಂಡವನು ಒಬ್ಬ ಬಟ್ಟೆ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವೆನ್‌ಹುಕ್. 1683ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಒಂದು ಕಾಗದ ಬರೆದ. ದಿನಾ ಬೆಳಿಗ್ಗೆ ಉಪ್ಪಿನಲ್ಲಿ ಹಲ್ಲುಜ್ಜಿ ಬಟ್ಟೆಯಿಂದ ಒರೆಸಿಕೊಳ್ಳುವ ಮನುಷ್ಯ ಅವನು. ಆದರೂ ಹಲ್ಲಿನ ಸಂದಿಯಲ್ಲಿ ಹಿಟ್ಟು ಕಲಸಿದಂಥ ಬಿಳಿ ಪದಾರ್ಥ ಉಳಿದಿತ್ತು. ಅದನ್ನು ಕೆರೆದು, ತಾನೇ ಮಾಡಿಕೊಂಡ ಪುಟ್ಟ ಮಸೂರದ ಕೆಳಗೆ ಇಟ್ಟರೆ ಒಳಗೆ ಜೀವಿಗಳು ಓಡಾಡುತ್ತಿದ್ದವು. ಬಾಯಿಯ ಬ್ಯಾಕ್ಟೀರಿಯಾಗಳನ್ನು ಮನುಷ್ಯ ಕಂಡದ್ದು ಹೀಗೆ. ನನಗೆ ಇದಕ್ಕಿಂತ ಇಷ್ಟವಾಗುವುದು ಅವನು ಮುಂದೆ ಮಾಡಿದ ಪರೀಕ್ಷೆ. ವಿನೆಗರಿನಲ್ಲಿ ಬಾಯಿ ತೊಳೆದುಕೊಂಡು ನೋಡಿದ, ಜೀವಿಗಳು ಇನ್ನೂ ಇದ್ದವು. ಕೆರೆದು ತೆಗೆದ ಪದಾರ್ಥಕ್ಕೇ ವಿನೆಗರ್ ಬೆರೆಸಿದಾಗ ಮಾತ್ರ ಸತ್ತವು. ಅಂದರೆ ಬಾಯಿ ತೊಳೆದಾಗ ಹೊರಪದರದವು ಮಾತ್ರ ಸತ್ತಿದ್ದವು. ಒಳಗಿನವು ಹಾಯಾಗಿದ್ದವು. ಹುಳಿ ಆ ಪದರವನ್ನು ದಾಟಿ ಒಳಗೆ ಇಳಿದಿರಲಿಲ್ಲ! ನೀರಿನ ಬಟ್ಟಲಿಗೆ ಎರಡು ಹನಿ ಔಷಧಿ ಹಾಕಿದರೆ ನಾಯಿಯ ಹಲ್ಲು ಪೂರ್ತಿ ಸ್ವಚ್ಛ ಎಂದು ಹೇಳುವವರಿಗೆ ಉತ್ತರ ಮುನ್ನೂರು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ.

ಪಾಚಿಯೇ ಒಸಡನ್ನು ಕೆಡಿಸುತ್ತದೆ ಎಂದು ತೋರಿಸಲು ಮಾತ್ರ 1965ರವರೆಗೆ ಕಾಯಬೇಕಾಯಿತು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಮುಂದೆ 1975ರಲ್ಲಿ ಯಾನ್ ಲಿಂಡೆ ಅವರ ತಂಡ ಬೀಗಲ್ ನಾಯಿಗಳ ಮೇಲೆ ನಡೆಸಿದ ನಾಲ್ಕು ವರ್ಷದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿನ ಹಲ್ಲನ್ನು ದಿನವೂ ಸ್ವಚ್ಛ ಮಾಡುತ್ತಿದ್ದರು, ಇನ್ನೊಂದನ್ನು ಹಾಗೇ ಬಿಟ್ಟಿದ್ದರು. ಉಜ್ಜಿಸಿಕೊಂಡ ನಾಯಿಗಳ ಒಸಡು ಚೆನ್ನಾಗಿ ಉಳಿಯಿತು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಮೂಳೆ ಸವೆಯಿತು. ನಮ್ಮ ಒಸಡಿನ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಎಷ್ಟೋ ಪಾಲು ಆ ನಾಯಿಗಳು ಕಲಿಸಿದ್ದು.

"ಕಾಡಿನ ನಾಯಿಗೆ ಯಾರು ಬ್ರಷ್ ಮಾಡ್ತಾರೆ?" ಇದು ನನಗೆ ಪದೇಪದೇ ಎದುರಾಗುವ ಪ್ರಶ್ನೆ. ಯಾರೂ ಮಾಡುವುದಿಲ್ಲ, ಸರಿ. ಆದರೆ ಆಫ್ರಿಕಾದ ಕಾಡುನಾಯಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದಾಗ ಗಾರೆ ಬಹಳ ಕಡಿಮೆ ಕಂಡರೂ ಒಸಡಿನ ಕಾಯಿಲೆಯ ಗುರುತು, ಸವೆದ ಹಲ್ಲು, ಮುರಿದ ಹಲ್ಲು ಧಾರಾಳವಾಗಿ ಸಿಕ್ಕಿವೆ. ಬಂಡೀಪುರ, ನಾಗರಹೊಳೆಯ ಸೀಳುನಾಯಿಯನ್ನು ನಮ್ಮ ನಾಯಿಗೆ ಹೋಲಿಸುವುದೂ ಕಷ್ಟ. ನಮ್ಮ ನಾಯಿಗೆ 42 ಹಲ್ಲು, ಸೀಳುನಾಯಿಗೆ 40. ಕೆಳದವಡೆಯ ಕೊನೆಯ ಜೋಡಿ ಅದಕ್ಕಿಲ್ಲ, ಮಾಂಸ ಸೀಳುವುದೇ ಅದರ ಬದುಕು. ಜೊತೆಗೆ ಕಾಡಿನ ಪ್ರಾಣಿ ಹದಿನಾಲ್ಕು ವರ್ಷ ಬದುಕಿ ನಮ್ಮ ಸೋಫಾ ಪಕ್ಕ ಮುದಿಯಾಗುವುದಿಲ್ಲ. ಪೊಮೆರೇನಿಯನ್, ಶಿಟ್ಸು, ಪಗ್‌ಗಳಲ್ಲಿ ಪುಟ್ಟ ದವಡೆಗೆ ಅಷ್ಟೂ 42 ಹಲ್ಲು ತುರುಕಿದ ಹಾಗಿರುತ್ತದೆ. ಸಂದಿ ಹೆಚ್ಚು, ಪಾಚಿ ಹೆಚ್ಚು. ಮೂರು ವರ್ಷ ದಾಟಿದ ನಾಯಿಗಳಲ್ಲಿ ಬಹುಪಾಲಿಗೆ ಒಸಡಿನ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಇದ್ದೇ ಇರುತ್ತದೆ.

ಬೆಳ್ಳಿಯ ಹಲ್ಲು ಒಡೆದದ್ದು ಹೇಗೆ ಎಂದು ಹೇಳಲೇ ಇಲ್ಲ. "ಮೂಳೆ ಕಡಿದರೆ ಹಲ್ಲು ಗಟ್ಟಿಯಾಗುತ್ತೆ" ಎಂದು ನಾವೇ ಮಟನ್ ಅಂಗಡಿಯಿಂದ ಕಾಲುಮೂಳೆ ತಂದು ಹಾಕುತ್ತಿದ್ದೆವು. ನಾಯಿಯ ದವಡೆ ಕತ್ತರಿಯ ಹಾಗೆ ಕೆಲಸ ಮಾಡುತ್ತದೆ. ಕತ್ತರಿಯ ಮಧ್ಯೆ ಕಲ್ಲು ಸಿಕ್ಕಿದರೆ ಅಲಗು ಮುಕ್ಕಾಗುತ್ತದೆ. ಅದೂ ಅಲ್ಲದೆ ನಾಯಿಯ ಹಲ್ಲಿನ ಎನಾಮಲ್ ಎಂಬ ಗಟ್ಟಿ ಹೊರಪದರ ನಮ್ಮದಕ್ಕಿಂತ ಬಹಳ ತೆಳು, ಒಂದು ಮಿಲಿಮೀಟರೂ ಇಲ್ಲ. ಅಗಿಯಲು ಕೊಡುವ ವಸ್ತುವನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಅದು ಹಲ್ಲಿಗೆ ಹೆಚ್ಚು ಗಟ್ಟಿ. ಬೇಯಿಸಿದ ಕೋಳಿ ಮೂಳೆಯಂತೂ ಬೇಡವೇ ಬೇಡ, ಅದು ಚೂಪಾಗಿ ಸೀಳಿ ಗಂಟಲು-ಕರುಳಿಗೆ ಚುಚ್ಚುತ್ತದೆ. ಎನಾಮಲ್ ಇಷ್ಟು ತೆಳುವಾದ್ದರಿಂದಲೇ ಇದ್ದಿಲ ಪುಡಿ, ಉಪ್ಪುಗಳಲ್ಲಿ ತಿಕ್ಕುವುದನ್ನೂ ಬಿಡಿ.

ಇನ್ನು "ನಾಯಿ ಬಾಯಿ ಮನುಷ್ಯನ ಬಾಯಿಗಿಂತ ಶುದ್ಧ" ಎಂಬ ಮಾತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಯಿಗಳ ಬಾಯಲ್ಲಿ 353 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿತು. ಅವುಗಳಲ್ಲಿ ಮನುಷ್ಯರ ಬಾಯಲ್ಲೂ ಇರುವುದು ಶೇ. 16ರಷ್ಟು ಮಾತ್ರ. ಅಂದರೆ ಶುದ್ಧ-ಅಶುದ್ಧದ ಹೋಲಿಕೆಗೇ ಅರ್ಥವಿಲ್ಲ, ಅದು ಬೇರೆಯೇ ಊರು, ಬೇರೆಯೇ ಜನ.

ಈಗ ಮನೆಯಲ್ಲಿರುವುದು ಗುಂಡ, ಬೀದಿಯಿಂದ ಬಂದವನು. ಅವನಿಗೆ ಬ್ರಷ್ ಒಗ್ಗಿಸಲು ಒಂದು ತಿಂಗಳು ಹಿಡಿಯಿತು. ಮೊದಲ ವಾರ ಸುಮ್ನೆ ತುಟಿ ಮುಟ್ಟುವುದು, ಒಂದು ಚೂರು ಕೋಳಿ ಕೊಡುವುದು, ಅಷ್ಟೇ. ಆಮೇಲೆ ಪೇಸ್ಟನ್ನು ಬೆರಳಿನಿಂದ ನೆಕ್ಕಿಸಿದೆ. ಆಮೇಲೆ ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಕೋರೆ ಹಲ್ಲನ್ನು ಮಾತ್ರ ಒರೆಸಿದೆ. ಕೊನೆಗೆ ಮಕ್ಕಳ ಮೆತ್ತನೆ ಬ್ರಷ್. ಅವನು ತಲೆ ತಿರುಗಿಸಿದ ದಿನ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಒತ್ತಿ ಹಿಡಿದು ಒಂದು ದಿನ ಉಜ್ಜಿದರೆ ಮುಂದಿನ ಹತ್ತು ವರ್ಷ ಕಳೆದುಕೊಂಡ ಹಾಗೆ.

ಬಾಯಿ ತೆರೆಸಬೇಕಾಗಿಲ್ಲ. ಬಾಯಿ ಮುಚ್ಚಿದ್ದಂತೆಯೇ ತುಟಿ ಎತ್ತಿ, ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಇಟ್ಟು, ಹಲ್ಲಿನ ಹೊರಮೈಯನ್ನು ಪುಟ್ಟ ಸುತ್ತುಗಳಲ್ಲಿ ಉಜ್ಜಿದರೆ ಸಾಕು. ಒಳಮೈಯನ್ನು ನಾಲಿಗೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಒಂದು ಕಡೆಗೆ ಅರ್ಧ ನಿಮಿಷ. ಸಮಯ ಕಡಿಮೆಯಿದ್ದರೆ ಮೇಲಿನ ದೊಡ್ಡ ದವಡೆ ಹಲ್ಲನ್ನು ಮಾತ್ರ ಬಿಡಬೇಡಿ. ಜೊಲ್ಲಿನ ದೊಡ್ಡ ನಾಳ ತೆರೆಯುವುದು ಅದರ ಹತ್ತಿರವೇ. ಬೋರ್‌ವೆಲ್ ನಲ್ಲಿಯ ಬಾಯಲ್ಲೇ ಬಿಳಿ ಹೆಚ್ಚು ಕಟ್ಟುವ ಹಾಗೆ, ಗಾರೆ ಅಲ್ಲೇ ಮೊದಲು ಕೂರುತ್ತದೆ.

ನಮ್ಮ ಪೇಸ್ಟ್ ಹಾಕಬೇಡಿ. ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ನೊರೆ ಬರಿಸುವ ರಾಸಾಯನಿಕ, ಫ್ಲೋರೈಡ್ ಎರಡೂ ಹೊಟ್ಟೆಗೆ ಒಳ್ಳೆಯದಲ್ಲ. ಕೆಲವು ಪೇಸ್ಟುಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷವೇ. ಅದು ಇನ್ಸುಲಿನ್ ಅನ್ನು ಒಮ್ಮೆಲೇ ಏರಿಸುತ್ತದೆ, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಲಿವರ್ ಕೂಡ ಕೆಡಬಹುದು. ನಾಯಿಗೆಂದೇ ಮಾಡಿದ ಪೇಸ್ಟ್ ಸಿಗುತ್ತದೆ. ಅದು ಸಿಗದಿದ್ದರೆ ಬರೀ ನೀರಲ್ಲಿ ಅದ್ದಿದ ಬ್ರಷ್ ಕೂಡ ಒಳ್ಳೆಯ ಕೆಲಸ ಮಾಡುತ್ತದೆ, ಯಾಕೆಂದರೆ ಪಾಚಿ ಬಿಡಿಸುವುದು ಉಜ್ಜುವಿಕೆ.

ಆಗಲೇ ಗಾರೆ ಕಟ್ಟಿದ್ದರೆ, ಒಸಡಿನಿಂದ ರಕ್ತ ಬರುತ್ತಿದ್ದರೆ, ಮೊದಲು ಪಶುವೈದ್ಯರ ಹತ್ತಿರ ಹೋಗಿ. ನೋಯುವ ಬಾಯನ್ನು ಉಜ್ಜಿದರೆ ನಾಯಿ ಬ್ರಷ್ಷನ್ನೇ ದ್ವೇಷಿಸುತ್ತದೆ. ಮನೆಯಲ್ಲಿ ಉಗುರಿನಿಂದಲೋ ಕಬ್ಬಿಣದ ಕಡ್ಡಿಯಿಂದಲೋ ಗಾರೆ ಎಬ್ಬಿಸಬೇಡಿ, ಹಲ್ಲಿನ ಮೇಲೆ ಗೀರು ಬಿದ್ದು ಪಾಚಿಗೆ ಹೊಸ ಹಿಡಿಕೆ ಸಿಗುತ್ತದೆ. ಅರಿವಳಿಕೆ ಇಲ್ಲದೆ ಐದು ನಿಮಿಷದಲ್ಲಿ ಹಲ್ಲು ಬೆಳ್ಳಗೆ ಮಾಡಿಕೊಡುತ್ತೇವೆ ಎನ್ನುವವರನ್ನೂ ನಂಬಬೇಡಿ. ಕಾಯಿಲೆ ಇರುವುದು ಒಸಡಿನ ಕೆಳಗೆ, ಎಚ್ಚರವಿರುವ ನಾಯಿ ಅಲ್ಲಿ ಕೈ ಹಾಕಲು ಬಿಡುವುದಿಲ್ಲ. ಕ್ಲೀನಿಂಗ್ ಮುಗಿದ ಮೇಲೆ ಯಾವ ದಿನದಿಂದ ಬ್ರಷ್ ಶುರು ಮಾಡಬಹುದು ಎಂದು ಅಲ್ಲಿಯೇ ಕೇಳಿಕೊಂಡು ಬನ್ನಿ. ನೀವು ಆಟೋ ಹತ್ತಿ ಮನೆ ತಲುಪುವಷ್ಟರಲ್ಲಿ ಆ ಬಿಳಿ ಹಲ್ಲಿನ ಮೇಲೆ ಹೊಸ ಪೊರೆ ಆಗಲೇ ಕಟ್ಟಿರುತ್ತದೆ.