ಘಾಟಿ ರಸ್ತೆಯಲ್ಲಿ ನೀಲಿ ಗೆರೆಗೆ ಗೊತ್ತಿರುವುದೆಷ್ಟು?

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟರೆ ಅಲ್ಲಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆದರೂ ಕಾರಿನ ಪರದೆಯಲ್ಲಿ ಬಾಣ ಓಡುತ್ತಲೇ ಇರುತ್ತದೆ, 'ಮುಂದೆ ಎಡಕ್ಕೆ ತಿರುಗಿ' ಅನ್ನುವ ದನಿಯೂ ನಿಲ್ಲುವುದಿಲ್ಲ. ನೆಟ್ ಇಲ್ಲದೆ ಇದು ಹೇಗೆ? ಮಲೆನಾಡಿನಲ್ಲಿ ಗಾಡಿ ಓಡಿಸುವವರು ಇದನ್ನು ತಿಳಿದಿರಲೇಬೇಕು. ಯಾಕೆಂದರೆ ಆ ಪರದೆಗೆ ಮಾಹಿತಿ ಬರುವುದು ಮೂರು ಕಡೆಯಿಂದ. ನಾವೆಲ್ಲಿದ್ದೇವೆ ಅನ್ನುವುದು ಆಕಾಶದಿಂದ, ರಸ್ತೆ ಎಲ್ಲಿದೆ ಅನ್ನುವುದು ನಕ್ಷೆಯಿಂದ, ಆ ರಸ್ತೆ ಈಗ ಹೇಗಿದೆ ಅನ್ನುವುದು ಬೇರೆ ಪ್ರಯಾಣಿಕರಿಂದ. ಮೂರೂ ಸೇರಿ ಒಂದೇ ನೀಲಿ ಗೆರೆಯಾಗಿ ಕಾಣುತ್ತವೆ. ಆದರೆ ನಮ್ಮ ಕಡೆ ಮೂರನ್ನೂ ಒಂದೇ ಸಮ ನಂಬುವ ಹಾಗಿಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರಗಳಿವೆ. 'ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು' ಎಂದು ಅವು ರೇಡಿಯೊ ಅಲೆಗಳಲ್ಲಿ ಸಾರುತ್ತಲೇ ಇರುತ್ತವೆ. ಅಲೆ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಉಪಗ್ರಹ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಇಂಥ ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಸಿಕ್ಕಿತು. ಮೂರು ಸಾಕಾಗುತ್ತಿತ್ತು, ಆದರೆ ನಮ್ಮ ಕಾರಿನಲ್ಲಿರುವ ಸಾಧಾರಣ ಗಡಿಯಾರದ ತಪ್ಪನ್ನು ತಿದ್ದಲು ಇನ್ನೊಂದು ಬೇಕು. ಇದರಲ್ಲಿ ಕಾರು ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಟವರ್ ಇಲ್ಲದಿದ್ದರೂ ನಡೆಯುತ್ತದೆ.

ಜೋರು ಮಳೆಗೆ ಜಿಪಿಎಸ್ ಕೆಡುತ್ತದೆ ಅಂತ ಹಲವರು ನಂಬಿದ್ದಾರೆ. ಮನೆಯ ಡಿಶ್ ಟಿವಿ ಮಳೆಗೆ ನಿಂತುಹೋಗುತ್ತದಲ್ಲ, ಇದೂ ಹಾಗೇ ಇರಬೇಕು ಅನ್ನುವ ಲೆಕ್ಕ. ಆದರೆ ಡಿಶ್‌ಗೆ ಬರುವ ಅಲೆಯ ಉದ್ದ ಎರಡು ಮೂರು ಸೆಂ.ಮೀ., ಜಿಪಿಎಸ್ ಅಲೆಯದ್ದು ಸುಮಾರು 19 ಸೆಂ.ಮೀ. ಇಷ್ಟು ಉದ್ದದ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ನಿಜವಾದ ತೊಂದರೆ ಕೊಡುವುದು ರಸ್ತೆಯ ಮೇಲೆ ಕವಿದ ಕಾಡು, ಅದರಲ್ಲೂ ನೆಂದ ಎಲೆಗಳು, ಮತ್ತೆ ಅರ್ಧ ಆಕಾಶವನ್ನೇ ಮರೆಮಾಡುವ ಗುಡ್ಡ.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಅಲ್ಲಿ ಒಂದೇ ರಸ್ತೆ ಮಡಚಿಕೊಂಡು ತನ್ನ ಮೇಲೆ ತಾನೇ ಹಾದುಹೋಗುತ್ತದೆ. ನಕ್ಷೆಯಲ್ಲಿ ನೋಡಿದರೆ ಮೇಲಿನ ರಸ್ತೆ, ಕೆಳಗಿನ ರಸ್ತೆ ಹತ್ತಿರ ಹತ್ತಿರ. ಎತ್ತರ ನೋಡಿ ಯಾವುದು ಅಂತ ಹೇಳಬಹುದಲ್ವಾ? ಅದೂ ಸುಲಭವಲ್ಲ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನವು, ಕೆಳಗಿನವನ್ನು ಭೂಮಿಯೇ ಮುಚ್ಚಿರುತ್ತದೆ. ಹೀಗೆ ಒಂದೇ ಕಡೆಯಿಂದ ಅಳೆಯುವುದರಿಂದ ಎತ್ತರದ ಲೆಕ್ಕದಲ್ಲಿ ತಪ್ಪು ಜಾಸ್ತಿ. ಅದಕ್ಕೇ ಬಾಣ ಕೆಲವೊಮ್ಮೆ ಪಕ್ಕದ ರಸ್ತೆಗೆ ಹಾರಿ ವಾಪಸ್ ಬರುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಕಾರು ಎಲ್ಲಿತ್ತು, ಅಲ್ಲಿಂದ ಎಲ್ಲಿಗೆ ಬಂದಿರಲು ಸಾಧ್ಯ ಎಂದು ನೋಡಿ ತಂತ್ರಾಂಶ ಅದನ್ನು ಸರಿಮಾಡುತ್ತದೆ. ಕಾರಿನೊಳಗೇ ಕೂರಿಸಿದ ನ್ಯಾವಿಗೇಷನ್ ಆದರೆ ಚಕ್ರದ ವೇಗವನ್ನೂ ಕಾರು ತಿರುಗಿದ ಕೋನವನ್ನೂ ಜೊತೆಗೆ ಬಳಸಬಲ್ಲದು. ಹೋಂಡಾ ಕಂಪನಿ 1981ರಲ್ಲೇ ಉಪಗ್ರಹದ ಸಹಾಯವಿಲ್ಲದೆ ಬರೀ ಈ ಲೆಕ್ಕದ ಮೇಲೆ ದಾರಿ ತೋರಿಸುವ ಯಂತ್ರ ತಂದಿತ್ತು.

ನಕ್ಷೆಯ ವಿಷಯ ಸರಳ. ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು, ಆದರೆ ಹೊಸದಾಗಿರಬೇಕು. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಹೋಗುವ ಸುಮಾರು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದಕ್ಕೂ ಹಿಂದಿನ ನಕ್ಷೆ ಇಟ್ಟುಕೊಂಡ ಕಾರು ಇವತ್ತಿಗೂ ಲಾಂಚ್ ಕಡೆಗೇ ಕಳಿಸಬಹುದು, ಇಲ್ಲವೇ ಹಿನ್ನೀರು ಸುತ್ತಿಸಬಹುದು.

ಇನ್ನು ಲೈವ್ ಟ್ರಾಫಿಕ್. ಇದನ್ನು ಯಾವ ಉಪಗ್ರಹವೂ ನೋಡಿ ಹೇಳುವುದಿಲ್ಲ. ರಸ್ತೆಯಲ್ಲಿರುವ ಫೋನುಗಳು ತಾವು ಎಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಅಂತ ಕಳಿಸುತ್ತಿರುತ್ತವೆ. ತುಂಬ ಫೋನುಗಳು ಒಟ್ಟಿಗೇ ನಿಧಾನವಾದರೆ ಆ ಜಾಗ ಕೆಂಪಾಗುತ್ತದೆ. ಶಿವಮೊಗ್ಗದ ನೆಹರೂ ರಸ್ತೆಗೆ ಇದು ಸರಿಹೋಗುತ್ತದೆ, ಅಲ್ಲಿ ಫೋನುಗಳಿಗೂ ಟವರಿಗೂ ಬರವಿಲ್ಲ. ಆದರೆ ಆಷಾಢದ ರಾತ್ರಿ ಘಾಟಿಯಲ್ಲಿ ಗಾಡಿಗಳೇ ವಿರಳ, ಸಿಗ್ನಲ್ ಇನ್ನೂ ವಿರಳ. ಗುಡ್ಡ ಜರಿದು ರಸ್ತೆ ಮುಚ್ಚಿದರೂ ಸುದ್ದಿ ಕಳಿಸುವ ಫೋನ್ ಬೇಕಲ್ಲ? ಆಗ ಪರದೆ ಹಳೇ ದಿನಗಳ ವೇಗ ನೋಡಿ ಸಮಯ ಹೇಳುತ್ತದೆ, ಗೆರೆ ನೀಲಿಯಾಗೇ ಉಳಿಯುತ್ತದೆ. ಅಲ್ಲಿ ನೀಲಿ ಅಂದರೆ ರಸ್ತೆ ಸಲೀಸಾಗಿದೆ ಅಂತಲೂ ಇರಬಹುದು, ಸುದ್ದಿಯೇ ಬಂದಿಲ್ಲ ಅಂತಲೂ ಇರಬಹುದು. ಎರಡಕ್ಕೂ ಒಂದೇ ಬಣ್ಣ ಕೊಡುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮಾಹಿತಿ ಇಲ್ಲದ ರಸ್ತೆಯನ್ನು ಬೇರೆ ಥರ ತೋರಿಸುವುದು ದೊಡ್ಡ ಕೆಲಸವೇನಲ್ಲ.

ಬಾಯಲ್ಲಿ ಊರ ಹೆಸರು ಹೇಳಿ ದಾರಿ ಕೇಳುವುದಕ್ಕೂ ಬಹುತೇಕ ನೆಟ್ ಬೇಕು, ನಮ್ಮ ಮಾತನ್ನು ಬಿಡಿಸುವ ಕೆಲಸ ಹೆಚ್ಚಾಗಿ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕೇಳಿಸಿದ್ದು ಅಸ್ಪಷ್ಟವಾದರೆ ಅದು ಹೆಚ್ಚು ಬಳಕೆಯ ಹೆಸರಿನ ಕಡೆ ವಾಲುತ್ತದೆ. ಅರಳಸುರಳಿಯಂಥ ಊರುಗಳು ಸೋಲುವುದು ಹೀಗೆ. ಸಿಗ್ನಲ್ ಇರುವಾಗಲೇ ಹೋಗುವ ಜಾಗ ಹಾಕಿಕೊಂಡು ಹೊರಡುವುದು ಒಳ್ಳೆಯದು.

ಮಳೆಗಾಲದಲ್ಲಾದರೆ ಘಾಟಿ ಇಳಿಯುವ ಮುಂಚೆ ಆಗುಂಬೆಯಲ್ಲಿ, ಹತ್ತುವ ಮುಂಚೆ ಸೋಮೇಶ್ವರದಲ್ಲಿ ಒಂದು ಮಾತು ಕೇಳಿ. ಎದುರಿನಿಂದ ಬಂದ ಬಸ್ ಡ್ರೈವರ್‌ಗಿಂತ ಹೊಸ ಸುದ್ದಿ ಯಾರ ಹತ್ತಿರವೂ ಇರುವುದಿಲ್ಲ. ಮರ ಬಿದ್ದದ್ದೋ ಮಣ್ಣು ಜರಿದದ್ದೋ ನಿಮಗೇ ಕಂಡರೆ, ಸಿಗ್ನಲ್ ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ ಆ್ಯಪ್‌ನಲ್ಲಿ ಗುರುತು ಹಾಕಿ. ನಿಮ್ಮ ಹಿಂದೆ ಬರುವವರ ಪರದೆಗೆ ಆ ಸುದ್ದಿ ತಲುಪಲು ಬೇರೆ ದಾರಿಗಳು ಕಡಿಮೆ.