ಹೊಗೆಯಾಡದ ಹೊಗೆಸೊಪ್ಪು: ಕೊಡಗಿನ ತೋಟಗಳಲ್ಲಿ ತಂಬಾಕು ನಡೆದು ಬಂದ ದಾರಿ

ಮೂರು ವರ್ಷದ ಹಿಂದಿನ ಜುಲೈ ತಿಂಗಳು. ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ಆಳುಗಳು ಚಿಗುರು ತೆಗೆಯಲು ಇಳಿಯುವ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಲೆಗೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹಿಂದಕ್ಕೆ ಸರಿಸಿ, ಸೊಂಟದಿಂದ ಎಲೆಅಡಿಕೆಯ ಸಂಚಿಯನ್ನು ತೆಗೆದು, ಒಣಗಿದ ಹೊಗೆಸೊಪ್ಪಿನ ಚೂರೊಂದನ್ನು ಅಂಗೈಯಲ್ಲಿ ಹಾಕಿಕೊಂಡು, ಉಗುರಿನ ತುದಿಯಷ್ಟು ಸುಣ್ಣ ಸೇರಿಸಿ, ಹೆಬ್ಬೆರಳಿನಿಂದ ತಿಕ್ಕತೊಡಗಿದರು. ತಿಕ್ಕಿದ್ದರಲ್ಲಿ ಅರ್ಧ ಕೆನ್ನೆಯ ಒಳಗೆ ಹೋಯಿತು. ಉಳಿದರ್ಧವನ್ನು ಉಗುಳಿನಲ್ಲಿ ನೆನೆಸಿ ಹರಡಿನ ಸುತ್ತ, ಮೀನಖಂಡದವರೆಗೆ ಸವರಿಕೊಂಡರು. ನಾನು ನೋಡುತ್ತಿದ್ದುದನ್ನು ಕಂಡು, "ಇದಿಲ್ಲದೆ ಇಳಿದರೆ ಜಿಗಣೆ ಬಿಡುತ್ತದಾ ಅಣ್ಣಾ?" ಎಂದು ನಕ್ಕರು.

ತಂಬಾಕು ಬಿಡಿಸುವ ಬಗ್ಗೆ ನಮ್ಮಲ್ಲಿ ನಡೆದಿರುವ ಚರ್ಚೆಯೆಲ್ಲ ಸಿಗರೇಟಿನ ಸುತ್ತಲೇ ಸುತ್ತಿದೆ. ಕೊಡಗಿನ ತೋಟದ ಆಳುಗಳು ವಾಸಿಸುವ ಲೈನ್ ಮನೆಗಳಲ್ಲಿ ತಂಬಾಕು ಬೇರೂರಿರುವುದು ಸಿಗರೇಟಿನಿಂದಲ್ಲ, ಈ ಸಂಚಿಯಿಂದ ಮತ್ತು ಬೀಡಿಯ ಕಟ್ಟಿನಿಂದ. ಕಾನೂನು ಹೊಗೆಯ ಹಿಂದೆ ಓಡುತ್ತಾ ಹೋದ ಐವತ್ತು ವರ್ಷಗಳಲ್ಲಿ ಹೊಗೆಯಾಡದ ತಂಬಾಕು ಹೇಗೆ ಅದರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಾ ಬಂದಿತು ಎಂಬುದನ್ನು ತಿಳಿಯದೆ, ಬಿಡಿಸುವ ದಾರಿಯ ಬಗ್ಗೆ ಮಾತನಾಡುವುದು ಕಷ್ಟ.

ಆ ಹೆಂಗಸಿನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ತಂಬಾಕಿನ ಗಿಡ ನಿಕೋಟಿನ್ ಅನ್ನು ತಯಾರಿಸುವುದೇ ತನ್ನ ಎಲೆಯನ್ನು ತಿನ್ನಲು ಬರುವ ಕೀಟಗಳಿಂದ ರಕ್ಷಿಸಿಕೊಳ್ಳಲು. ಅದೇ ವಿಷವನ್ನು ನಿಕೋಟಿನ್ ಸಲ್ಫೇಟ್ ರೂಪದಲ್ಲಿ ರೈತರು ಕೀಟನಾಶಕವಾಗಿ ಸಿಂಪಡಿಸುತ್ತಿದ್ದ ಕಾಲವೂ ಇತ್ತು. ಜಿಗಣೆ ಕಾಲು ಬಿಟ್ಟು ಉದುರುವುದು ಈ ಕಾರಣಕ್ಕೇ. ಸುಣ್ಣದ ಪಾತ್ರವೂ ಸಣ್ಣದಲ್ಲ: ಅದರ ಕ್ಷಾರಗುಣ ಎಲೆಯಲ್ಲಿರುವ ನಿಕೋಟಿನ್ ಅನ್ನು ಬಿಡುಗಡೆ ಮಾಡಿ, ಬಾಯಿಯ ತೆಳು ಪೊರೆಯ ಮೂಲಕ ರಕ್ತಕ್ಕೆ ಬೇಗ ಇಳಿಯುವಂತೆ ಮಾಡುತ್ತದೆ. ರಸಾಯನಶಾಸ್ತ್ರ ಓದದ ನಮ್ಮ ಹಿರಿಯರು ಅನುಭವದಿಂದಲೇ ಕಂಡುಕೊಂಡ ಈ ಜೋಡಿ, ದುರದೃಷ್ಟವಶಾತ್, ಚಟವನ್ನು ಗಟ್ಟಿ ಮಾಡಲು ಬೇಕಾದ ಜೋಡಿಯೂ ಆಗಿದೆ. ಚಳಿಗೆ ಮೈ ಬಿಸಿಯಾಯಿತೆಂಬ ಭಾವನೆ, ಮಧ್ಯಾಹ್ನದವರೆಗೆ ಮಂದವಾಗುವ ಹಸಿವು, ಒಂದೇ ಬಗೆಯ ಕೆಲಸದ ಬೇಸರಕ್ಕೆ ಒಂದಿಷ್ಟು ಚುರುಕು, ಇವೆಲ್ಲವೂ ಆರು ತಿಂಗಳ ಮಳೆಯ ನಾಡಿನಲ್ಲಿ ಕೂಲಿಯವರಿಗೆ ಅಗ್ಗಕ್ಕೆ ಸಿಕ್ಕಿದ್ದು ಈ ಒಂದು ಎಲೆಯಿಂದ.

ಎಲೆ ಇಲ್ಲಿಯದಲ್ಲ. ಅಮೆರಿಕ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಹದಿನೇಳನೆಯ ಶತಮಾನದ ಆರಂಭಕ್ಕೆ ಅದು ಮೊಗಲ್ ಆಸ್ಥಾನವನ್ನು ತಲುಪಿತ್ತು, ಮತ್ತು 1617ರಲ್ಲಿ ಜಹಾಂಗೀರ್ ಅದರ ಸೇವನೆಯನ್ನು ನಿಷೇಧಿಸಿದ ಎಂಬುದು ಈ ದೇಶದ ಮೊದಲ ತಂಬಾಕು ನಿಯಂತ್ರಣದ ಕಥೆ. ಆ ನಿಷೇಧದಿಂದ ಏನೂ ಆಗಲಿಲ್ಲ ಎಂಬುದೂ ಕಥೆಯ ಭಾಗವೇ. ಕನ್ನಡ ಅದಕ್ಕೆ ಕೊಟ್ಟ ಹೆಸರು ಹೊಗೆಸೊಪ್ಪು. ಅಗಿಯುವವರ ಬಾಯಲ್ಲೂ ಅದು ಹೊಗೆಸೊಪ್ಪೇ. ಎಲೆ ಅಡಿಕೆಯ ತಾಂಬೂಲ ಮೊದಲಿನಿಂದ ಇದ್ದ ನಾಡಿನಲ್ಲಿ ಹೊಸ ಸೊಪ್ಪಿಗೆ ಬೇರೆ ಜಾಗ ಹುಡುಕಬೇಕಾಗಿರಲಿಲ್ಲ. ಸಂಚಿಯಲ್ಲಿ ಇನ್ನೊಂದು ಅರೆ ಸಾಕಾಯಿತು.

ಕೊಡಗಿನಲ್ಲಿ ಅದು ದಿನಗೂಲಿಯ ಬದುಕಿನೊಂದಿಗೆ ಹೆಣೆದುಕೊಂಡದ್ದು ಕಾಫಿಯ ಕಾಲದಲ್ಲಿ ಎನ್ನಬಹುದು. 1834ರಲ್ಲಿ ಬ್ರಿಟಿಷರ ಕೈಸೇರಿದ ನಾಡಿನಲ್ಲಿ 1850ರ ದಶಕದಿಂದ ಯುರೋಪಿಯನ್ನರ ತೋಟಗಳು ಎದ್ದವು. ತೋಟದ ಕೆಲಸಕ್ಕೆ ಮೈಸೂರು ಸೀಮೆಯಿಂದ, ಮಲಬಾರಿನಿಂದ, ಘಟ್ಟದ ಕೆಳಗಿನಿಂದ ಜನ ಬಂದರು, ಕಾಡಿನ ಅಂಚಿನ ಹಾಡಿಗಳಿಂದ ಯರವರೂ ಕುರುಬರೂ ಬಂದರು. ಲೈನ್ ಮನೆ, ಮೇಸ್ತ್ರಿ, ಲೆಕ್ಕ ಬರೆಯುವ ರೈಟರ್, ವಾರದ ಬಟವಾಡೆ, ಬಟವಾಡೆಯ ಮರುದಿನದ ಸಂತೆ ಎಂಬ ಈ ವ್ಯವಸ್ಥೆಯೊಳಗೆ ಹೊಗೆಸೊಪ್ಪು ಅಕ್ಕಿ, ಉಪ್ಪು, ಒಣಮೀನಿನ ಸಾಲಿನಲ್ಲೇ ಬಂದಿತು. ಮಂಗಳೂರಿನ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಬೀಡಿ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಕುಯ್ಲಿಗೆ ಅಸ್ಸಾಮಿನಿಂದ ಬರುವವರ ಜೇಬಿನಲ್ಲಿ ಖೈನಿಯ ಪೊಟ್ಟಣವಿರುತ್ತದೆ. ತಿಕ್ಕುವ ಅಂಗೈ ಮಾತ್ರ ಎರಡೂ ಕಡೆ ಒಂದೇ.

ಸಿರಿವಂತರ ಮನೆಗಳು ಇದರಿಂದ ಹೊರಗಿದ್ದವು ಎಂದಲ್ಲ. ನಾನು ಹುಡುಗನಾಗಿದ್ದಾಗ ಮದುವೆ ಮನೆಗಳಲ್ಲಿ ತಾಂಬೂಲದ ತಟ್ಟೆಯ ಬೆನ್ನಿಗೇ ಸಿಗರೇಟು ಜೋಡಿಸಿದ ತಟ್ಟೆಯೂ ಬರುತ್ತಿತ್ತು, ಮತ್ತು ಅದನ್ನು ನೆಂಟರ ಮುಂದೆ ಹಿಡಿಯುವ ಕೆಲಸ ಬೀಳುತ್ತಿದ್ದುದು ನಮ್ಮಂಥ ಹುಡುಗರ ಪಾಲಿಗೇ.

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ 1950ರಲ್ಲಿ ಲೆಕ್ಕ ಸಮೇತ ತೋರಿಸಿದರು; 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದಕ್ಕೆ ಸರ್ಕಾರದ ಮುದ್ರೆ ಒತ್ತಿತು. ಭಾರತದ ಸಂಸತ್ತು ಎಚ್ಚೆತ್ತದ್ದು 1975ರಲ್ಲಿ. ಆ ವರ್ಷದ ಸಿಗರೇಟು ಕಾಯ್ದೆಯಿಂದಾಗಿ ಪ್ಯಾಕಿನ ಮೇಲೆ ಶಾಸನಬದ್ಧ ಎಚ್ಚರಿಕೆಯ ಸಾಲು ಬಂದಿತು. ಹೆಸರೇ ಹೇಳುವಂತೆ ಅದು ಸಿಗರೇಟಿನ ಕಾಯ್ದೆ. ಬೀಡಿಯಾಗಲಿ ಅಗಿಯುವ ತಂಬಾಕಾಗಲಿ ಅದರ ವ್ಯಾಪ್ತಿಯಲ್ಲಿರಲಿಲ್ಲ. ಅದೇ 1975ರಲ್ಲಿ ಅದೇ ಸಂಸತ್ತು ಇನ್ನೊಂದು ಕಾಯ್ದೆಯನ್ನೂ ಮಾಡಿತು: ತಂಬಾಕು ಮಂಡಳಿ ಕಾಯ್ದೆ. ಗುಂಟೂರಿನಲ್ಲಿ ಕೇಂದ್ರ ಕಚೇರಿಯಿರುವ ಆ ಮಂಡಳಿ ಸಿಗರೇಟಿಗೆ ಬಳಸುವ ವರ್ಜೀನಿಯಾ ತಂಬಾಕಿನ ಬೆಳೆ, ಹರಾಜು, ರಫ್ತುಗಳನ್ನು ನೋಡಿಕೊಳ್ಳುತ್ತದೆ. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಸಿಗುವ ಪಿರಿಯಾಪಟ್ಟಣ, ಅದರಾಚೆಯ ಹುಣಸೂರು, ಎಚ್.ಡಿ. ಕೋಟೆ, ಇತ್ತ ಅರಕಲಗೂಡಿನ ರಾಮನಾಥಪುರ, ಇವು ಕರ್ನಾಟಕದಲ್ಲಿ ಆ ಬೆಳೆಯ ಸೀಮೆ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವವರು ಆಗಸ್ಟಿನಲ್ಲಿ ಹೊಲದ ನಡುವೆ ಸೊಪ್ಪನ್ನು ಬಿಸಿಯಲ್ಲಿ ಹದಗೊಳಿಸುವ ಎತ್ತರದ ಬ್ಯಾರನ್ನುಗಳನ್ನೂ, ಅವುಗಳ ಪಕ್ಕದಲ್ಲಿ ಪೇರಿಸಿಟ್ಟ ಸೌದೆಯನ್ನೂ ಕಾಣಬಹುದು. ಹಸಿ ಸೊಪ್ಪು ಮುರಿಯುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರುವುದುಂಟು; ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುವುದರಿಂದ ಹಾಗಾಗುತ್ತದೆ. ಆ ರೈತರನ್ನು ದೂರುವುದು ಸುಲಭ, ಆದರೆ ಹರಾಜುಕಟ್ಟೆಯಷ್ಟು ಖಚಿತವಾದ ಮಾರುಕಟ್ಟೆಯನ್ನು ಬೇರೆ ಯಾವ ಬೆಳೆಗೂ ಕಟ್ಟಿಕೊಡದೆ ದೂರುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಸಾರ್ವಜನಿಕ ಸ್ಥಳದ ಧೂಮಪಾನದ ಮೇಲಿನ ನಿರ್ಬಂಧ ಕೊಡಗಿಗೆ ಮೊದಲು ನೆರೆಮನೆಯ ಸುದ್ದಿಯಾಗಿ ಬಂದಿತು. 1999ರ ಜುಲೈನಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಿ ತೀರ್ಪು ನೀಡಿತು. ಗಡಿಯ ಈಚೆ ಮಾಕುಟ್ಟದಲ್ಲೂ ಕುಟ್ಟದಲ್ಲೂ ತಪ್ಪಲ್ಲದ ಬೀಡಿ, ಗಡಿ ದಾಟಿ ಕೆಲವು ಮಾರು ಹೋದೊಡನೆ ತಪ್ಪಾಗುತ್ತಿತ್ತು. 2001ರ ನವೆಂಬರಿನಲ್ಲಿ ಮುಂಬೈನ ರಾಜಕಾರಣಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಬಸ್ಸು, ರೈಲುಗಳಿಗೆ ದೇಶದಾದ್ಯಂತ ಇದೇ ನಿಯಮವನ್ನು ವಿಧಿಸಿತು. 2003ರಲ್ಲಿ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ, ಚಿಕ್ಕದಾಗಿ ಕೋಟ್ಪಾ ಎಂದು ಕರೆಯುವ ಕೇಂದ್ರದ ಕಾಯ್ದೆ ಬಂದಿತು. ಬೀಡಿ, ನಶ್ಯ, ಅಗಿಯುವ ತಂಬಾಕು ಮೊದಲ ಬಾರಿಗೆ ಸಿಗರೇಟಿನ ಜೊತೆ ಒಂದೇ ಕಾನೂನಿನೊಳಗೆ ಸೇರಿದ್ದು ಆಗ: ಜಾಹೀರಾತಿಗೆ ತಡೆ, ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಮಾರುವಂತಿಲ್ಲ, ಪೊಟ್ಟಣದ ಮೇಲೆ ಎಚ್ಚರಿಕೆ. 2008ರ ಅಕ್ಟೋಬರ್ 2ರಿಂದ ಹೊಸ ನಿಯಮಗಳು ಜಾರಿಗೆ ಬಂದು, ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 200 ರೂಪಾಯಿಯವರೆಗೆ ದಂಡ ನಿಗದಿಯಾಯಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಚೇರಿಯ ಮೊಗಸಾಲೆಯಲ್ಲಿ ಆದ ಬದಲಾವಣೆ ದೊಡ್ಡದು; ಇಂದಿನ ಹುಡುಗರಿಗೆ ಹೊಗೆ ತುಂಬಿದ ಬಸ್ಸು ಎಂದರೆ ಅರ್ಥವೂ ಆಗದು.

ಆದರೆ ಎಚ್ಚರಿಕೆಯ ಚಿತ್ರದ ಕಥೆಯನ್ನು ಗಮನಿಸಿ. 2009ರ ಮೇ 31ರಿಂದ ಪೊಟ್ಟಣಗಳ ಮೇಲೆ ಚಿತ್ರ ಬಂದಿತು. 2016ರಲ್ಲಿ ಅದರ ಗಾತ್ರ ಪೊಟ್ಟಣದ ಮುಖದ ಶೇ 85ಕ್ಕೆ ಏರಿತು. ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದುಪಡಿಸಿತು, ಮರು ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಇಷ್ಟೆಲ್ಲ ಹೋರಾಟ ನಡೆದದ್ದು ಪೊಟ್ಟಣದ ಮೇಲಿನ ಜಾಗಕ್ಕಾಗಿ. ಸಂತೆಯಲ್ಲಿ ತಕ್ಕಡಿಗೆ ಹಾಕಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕೊಡುವ ಹೊಗೆಸೊಪ್ಪಿಗೆ ಪೊಟ್ಟಣವೇ ಇಲ್ಲ. ಗೂಡಂಗಡಿಯಲ್ಲಿ ಬಿಡಿಯಾಗಿ ಕೊಂಡ ಬೀಡಿಯ ಮೇಲೂ ಚಿತ್ರ ಬರುವುದಿಲ್ಲ.

ಗುಟ್ಕಾದ ವಿಷಯದಲ್ಲೂ ಹೀಗೇ ಆಯಿತು. ಆಹಾರ ಪದಾರ್ಥದಲ್ಲಿ ತಂಬಾಕು ಬೆರೆಸುವಂತಿಲ್ಲ ಎಂಬ 2011ರ ಆಹಾರ ಸುರಕ್ಷತಾ ನಿಯಮದ ಆಧಾರದಲ್ಲಿ ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಅಂಗಡಿಯ ಮುಂದೆ ಎರಡು ಮಾಲೆಗಳು ತೂಗತೊಡಗಿದವು: ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂದಿತು, ಅಷ್ಟೆ.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಈ ಚಿತ್ರವನ್ನು ಅಂಕಿಗಳಲ್ಲಿ ತೋರಿಸುತ್ತದೆ. ಕರ್ನಾಟಕದಲ್ಲಿ ತಂಬಾಕು ಬಳಸುವ ವಯಸ್ಕರು ಅದಕ್ಕೆ ಹಿಂದಿನ ಸಮೀಕ್ಷೆಯ ಶೇ 28.2ರಿಂದ 22.8ಕ್ಕೆ ಇಳಿದಿದ್ದರು. ಸಂತೋಷದ ಸಂಗತಿಯೇ. ಆದರೆ ಸೇದುವವರು ಶೇ 8.8 ಇದ್ದರೆ, ಅಗಿಯುವ ಮತ್ತಿತರ ಹೊಗೆರಹಿತ ತಂಬಾಕು ಬಳಸುವವರು ಶೇ 16.3, ಅಂದರೆ ಹೆಚ್ಚುಕಡಿಮೆ ಇಮ್ಮಡಿ. ತೆರಿಗೆಯೂ ಸಿಗರೇಟಿನ ಮೇಲೆ ಬಿದ್ದಷ್ಟು ಬೀಡಿಯ ಮೇಲೆ ಎಂದೂ ಬಿದ್ದಿಲ್ಲ. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡಿನ ಹೆಸರಿನಲ್ಲಿ ರಿಯಾಯಿತಿ ಮುಂದುವರಿಯುತ್ತಾ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಬೇಗ ಆರುವುದರಿಂದ ಅದನ್ನು ಸಿಗರೇಟಿಗಿಂತ ಹೆಚ್ಚು ಸಲ, ಹೆಚ್ಚು ಜೋರಾಗಿ ಎಳೆಯಬೇಕಾಗುತ್ತದೆ. ಸಣ್ಣದು ಎಂಬ ಕಾರಣಕ್ಕೆ ಅದರ ಹಾನಿ ಸಣ್ಣದಾಗುವುದಿಲ್ಲ.

ಕೋಟ್ಪಾಗೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆ ರಾಷ್ಟ್ರಪತಿಯವರ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಪ್ರಕಟವಾದಾಗ ಪತ್ರಿಕೆಗಳು ಹೆಚ್ಚು ಬರೆದದ್ದು ಹುಕ್ಕಾ ಬಾರ್‌ಗಳ ನಿಷೇಧದ ಬಗ್ಗೆ. ನಮ್ಮ ಲೈನ್ ಮನೆಗಳಿಗೆ ಸಂಬಂಧಿಸಿದ ಅಂಶಗಳು ಬೇರೆ: ಕೊಳ್ಳುವ ವಯಸ್ಸು 21ಕ್ಕೆ ಏರಿದ್ದು, ಬಿಡಿ ಸಿಗರೇಟು ಮಾರುವುದಕ್ಕೆ ತಡೆ ಬಿದ್ದದ್ದು, ದಂಡ 1,000 ರೂಪಾಯಿಯವರೆಗೆ ಏರಿದ್ದು, ಮತ್ತು ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಉಗುಳುವುದನ್ನೂ ಸೇದುವುದರ ಜೊತೆಗೇ ಸೇರಿಸಿದ್ದು. ಹೊಗೆಯಾಡದ ತಂಬಾಕು ಕಡೆಗೂ ಕಾನೂನಿನ ಕಣ್ಣಿಗೆ ಬಿದ್ದದ್ದು ಹೀಗೆ, ಗೋಡೆಯ ಮೇಲಿನ ಕಲೆಯಾಗಿ.

ಕಾನೂನು ಕೊಳ್ಳುವುದನ್ನು ಕಷ್ಟವಾಗಿಸಬಲ್ಲದು. ಬಿಡಿಸುವ ಕೆಲಸ ಬೇರೆಯೇ. ನಿಕೋಟಿನ್ ನಿಂತ ಮೊದಲ ಎರಡು ಮೂರು ದಿನ ಅತ್ಯಂತ ಕಠಿಣ: ಸಿಡುಕು, ತಲೆನೋವು, ನಿದ್ದೆಗೇಡು, ಕೆಲವರಿಗೆ ಮಲಬದ್ಧತೆ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಇಳಿಯುತ್ತವೆ. ಬೇಕೇಬೇಕೆಂಬ ಎಳೆತ ಒಂದೊಂದು ಸಲ ಬಂದಾಗಲೂ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ ಎಂಬುದನ್ನು ಮೊದಲೇ ತಿಳಿದವರು ಅದನ್ನು ದಾಟುವುದು ಹೆಚ್ಚು. ನಿಕೋಟಿನ್ ಚೂಯಿಂಗ್ ಗಮ್ ಈಗ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದನ್ನು ಬಬಲ್ ಗಮ್ಮಿನಂತೆ ಜಗಿಯಬಾರದು, ಕಾರ ಹತ್ತುವವರೆಗೆ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಹೊಗೆಸೊಪ್ಪು ಇಟ್ಟು ರೂಢಿಯಿದ್ದವರಿಗೆ ಈ ಪಾಠವನ್ನು ಹೇಳಿಕೊಡಬೇಕಾಗಿಲ್ಲ. 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು 2018ರಿಂದ ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲಿ ಆಪ್ತಸಮಾಲೋಚನೆಯೂ ಸಿಗುತ್ತದೆ. ಸೊಪ್ಪನ್ನು ದಿನಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳುವವರಿಗೆ ಆ ಸಂಖ್ಯೆಯನ್ನು ಬೇರೆ ಯಾರಾದರೂ ಹೇಳಬೇಕು: ಆಶಾ ಕಾರ್ಯಕರ್ತೆ, ತೋಟದ ರೈಟರ್, ಬಟವಾಡೆ ಕೊಡುವ ಮಾಲೀಕ.

ಇನ್ನೊಂದು ಮಾತು ನಮ್ಮ ಭಾಗದಲ್ಲಿ ಕಹಿಯಾಗಬಹುದು. ಹೊಗೆಸೊಪ್ಪು ಬಿಟ್ಟು ಬರಿಯ ಅಡಿಕೆ ಇಟ್ಟುಕೊಂಡರೆ ಪೂರ್ತಿ ಪಾರಾದಂತೆ ಎಂದು ಅನೇಕರು ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ವರ್ಗೀಕರಿಸಿದೆ. ಬೆಳೆಗಾರರ ಆಕ್ಷೇಪ ಏನೇ ಇರಲಿ, ಬಾಯಲ್ಲಿ ಕ್ಯಾನ್ಸರಿಗೆ ತಿರುಗಬಹುದಾದ ಬಿಳಿ ಮಚ್ಚೆ ಎದ್ದವರಿಗೆ, ಬಾಯಿ ಪೂರ್ತಿ ತೆರೆಯಲಾಗದವರಿಗೆ ಎರಡನ್ನೂ ಬಿಡಿ ಎಂದೇ ಹೇಳಬೇಕಾಗುತ್ತದೆ.

ಸೋಮವಾರಪೇಟೆ ಕಡೆಯ ಆ ಹೆಂಗಸಿಗೆ ಮರುವರ್ಷ ಕೆನ್ನೆಯ ಒಳಗೆ ಅಂಥದೊಂದು ಮಚ್ಚೆ ಕಾಣಿಸಿತು. ಹಲ್ಲುನೋವೆಂದು ತೋರಿಸಲು ಹೋದಾಗ ವೈದ್ಯರು ಕನ್ನಡಿ ಹಿಡಿದು ಅದನ್ನು ತೋರಿಸಿದರಂತೆ. ಒಂದೇ ಸಲಕ್ಕೆ ಬಿಡಲಾಗಲಿಲ್ಲ. ಎರಡು ಬಾರಿ ಬಿಟ್ಟು, ಎರಡು ಬಾರಿಯೂ ಮಳೆ ಹಿಡಿದೊಡನೆ ಜಿಗಣೆಗೆಂದು ಕೊಂಡ ಸೊಪ್ಪು ಬಾಯಿಗೆ ಹೋಯಿತು. ಮೂರನೆಯ ಸಲ ಮೇಸ್ತ್ರಿಯ ಹೆಂಡತಿ ಒಂದು ಉಪಾಯ ಹೇಳಿದರು. ಕಳೆದ ಜುಲೈನಲ್ಲಿ ನಾನು ಹೋದಾಗ ಸಂಚಿ ಸೊಂಟದಲ್ಲೇ ಇತ್ತು. ಬಿಚ್ಚಿ ತೋರಿಸಿದರು: ಒಂದು ಅರೆಯಲ್ಲಿ ನಾಲ್ಕೈದು ಲವಂಗ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಕಲ್ಲುಪ್ಪು. ಗಂಟನ್ನು ಮಳೆನೀರಿಗೆ ಅದ್ದಿ ಹರಡಿನ ಸುತ್ತ ಒತ್ತಿಕೊಂಡು ಅವರು ತೋಟಕ್ಕೆ ಇಳಿದರು.